ಪಾರ್ಟ್ ಟೈಮ್ ಹೌಸ್‌ಕೀಪಿಂಗ್: ಕರಾರು ಇಲ್ಲದ ಕೂಲಿ

ಮಂಗಳೂರಿನ ಸುತ್ತಮುತ್ತ ಸೋಫಾ, ಹಾಸಿಗೆ, ಕರ್ಟನ್, ಬೆಡ್‌ಶೀಟ್ ಮಾರುವ ದೊಡ್ಡ ಗಾಜಿನ ಅಂಗಡಿಗಳು ಈಗ ಹೆಚ್ಚಾಗಿವೆ. ಇಂಥ ಅಂಗಡಿಯ ಬಾಗಿಲಿನ ಮೂಲೆಯಲ್ಲಿ ಆಗಾಗ ಒಂದು ಕಾಗದ ಅಂಟಿಸಿರುತ್ತಾರೆ: ಹೌಸ್‌ಕೀಪಿಂಗ್‌ಗೆ ಮಹಿಳೆಯರು ಬೇಕಾಗಿದ್ದಾರೆ, ಪಾರ್ಟ್ ಟೈಮ್. ಅದೇ ಸಾಲು ನಮ್ಮ ಮೊಹಲ್ಲಾದ ವಾಟ್ಸ್‌ಆ್ಯಪ್ ಗ್ರೂಪಿಗೂ ಬರುತ್ತದೆ. ಕೆಳಗೆ ಒಂದು ಫೋನ್ ನಂಬರ್. ಎಷ್ಟು ಗಂಟೆ ಕೆಲಸ, ಎಷ್ಟು ಸಂಬಳ, ವಾರದ ರಜೆ ಯಾವತ್ತು, ಅದೊಂದೂ ಇರುವುದಿಲ್ಲ. ಕೇಳಿದರೆ 'ಬಂದು ಮಾತಾಡಿ' ಅಂತ ಉತ್ತರ.

ಈ ಕಾಗದ ನೋಡಿ ಹೋಗುವವರಲ್ಲಿ ನಮ್ಮ ಬ್ಯಾರಿ ತಾಯಂದಿರು ಇದ್ದಾರೆ. ಅಂಗಡಿ ಇಟ್ಟವರಲ್ಲೂ ನಮ್ಮವರು ಇದ್ದಾರೆ. ಜುಮಾದಲ್ಲಿ ಮೊದಲ ಸಫ್ಫಿನಲ್ಲಿ ನಿಲ್ಲುವವರೂ ಇದ್ದಾರೆ. ಹಾಗಾಗಿ ಇದನ್ನು ಸರಕಾರ ನೋಡಿಕೊಳ್ಳಲಿ ಎಂದು ಬಿಟ್ಟುಬಿಡಲು ನಮಗೆ ಮನಸ್ಸು ಬರುವುದಿಲ್ಲ.

ಒಂದು ತಲೆಮಾರಿನ ಹಿಂದೆ ಇದೇ ಮನೆಗಳಲ್ಲಿ ಮಡಿಲಲ್ಲಿ ತಡ್ಪೆ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಮಗಳ ಮದುವೆಯ ಚಿನ್ನ, ಮಗನ ಗಲ್ಫ್ ವೀಸಾ, ಮಾಡಿನ ಹಂಚು, ಎಷ್ಟೋ ಕಡೆ ಇವೆಲ್ಲ ಬೀಡಿಯಿಂದ ಆದದ್ದು. ಬೀಡಿ ಸುಖದ ಕೆಲಸ ಅಂತ ಯಾರೂ ಹೇಳುವುದಿಲ್ಲ. ಹೊಗೆಸೊಪ್ಪಿನ ಧೂಳು, ಬೆನ್ನುನೋವು, ಬ್ರಾಂಚಿಗೆ ಕೊಂಡುಹೋದಾಗ ಇದು ಸರಿಯಿಲ್ಲ ಅದು ಸರಿಯಿಲ್ಲ ಎಂದು ಬದಿಗೆ ಹಾಕುವುದು, ಎಲ್ಲ ಇತ್ತು. ಆದರೂ 1966ರಲ್ಲಿ ಬೀಡಿ ಕಾರ್ಮಿಕರಿಗೆಂದೇ ಒಂದು ಕಾಯ್ದೆ ಬಂತು. 1976ರಲ್ಲಿ ಕಲ್ಯಾಣ ನಿಧಿ ಬಂತು. ಬೀಡಿ ಪುಸ್ತಕ, ಪಿ.ಎಫ್., ಗುರುತಿನ ಚೀಟಿ, ಮಕ್ಕಳಿಗೆ ಸ್ಕಾಲರ್‌ಶಿಪ್. ಎಲ್ಲರಿಗೂ ಸಿಕ್ಕಿತು ಎಂದಲ್ಲ, ಸಿಕ್ಕಿದವರ ಕೈಯಲ್ಲಿ ಒಂದು ಕಾಗದ ಇತ್ತು. ದುಡಿಯುವ ಮುಸ್ಲಿಂ ಮಹಿಳೆಯರಲ್ಲಿ ಮನೆಯೊಳಗೇ ಕೂತು ದುಡಿಯುವವರ ಪಾಲು ಹೆಚ್ಚು ಎಂದು 2006ರ ಸಾಚಾರ್ ಸಮಿತಿ ವರದಿ ಬರೆದದ್ದು ಇಂಥ ಮನೆಗಳ ಬಗ್ಗೆಯೇ. ಈಗ ಬೀಡಿ ಇಳಿಯುತ್ತಾ ಬಂದಿದೆ. 2025ರ ಸೆಪ್ಟೆಂಬರಿನಲ್ಲಿ ಬೀಡಿಯ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಸುವ ತೀರ್ಮಾನ ಆಯಿತು ನಿಜ, ಆದರೆ ತಡ್ಪೆ ಕೆಳಗಿಟ್ಟ ಹೆಣ್ಣುಮಕ್ಕಳು ಅದನ್ನು ಮತ್ತೆ ಎತ್ತಿಕೊಳ್ಳುವ ಲಕ್ಷಣ ನಮಗೆ ಕಾಣುವುದಿಲ್ಲ. ಗಲ್ಫಿನಿಂದ ಬರುವ ಹಣವೂ ಎಲ್ಲ ಮನೆಗಳಲ್ಲಿ ಮೊದಲಿನ ಹಾಗೆ ಇಲ್ಲ. ಮನೆಯೊಳಗಿನ ಕೆಲಸ ಹೋದ ಮೇಲೆ ತಾಯಂದಿರು ಹೊರಗೆ ಹೊರಟರು. ಹೊರಗೆ ಅವರಿಗಾಗಿ ಕಾದಿದ್ದದ್ದು ಈ ಪಾರ್ಟ್ ಟೈಮ್.

ಕೆಲಸ ಏನು ಎಂದು ಗೊತ್ತಿಲ್ಲದವರು 'ಗುಡಿಸಿ ಒರೆಸುವುದು ತಾನೇ' ಅನ್ನುತ್ತಾರೆ. ಸೋಫಾ ಅಂಗಡಿ ಗುಡಿಸುವುದು ಮನೆ ಗುಡಿಸಿದ ಹಾಗಲ್ಲ. ಹೆದ್ದಾರಿಯ ಧೂಳು ರಾತ್ರಿಯೇ ಒಳಗೆ ಬಂದು ಕೂತಿರುತ್ತದೆ. ಅಂಗಡಿ ತೆರೆಯುವ ಮೊದಲು ಗಾಜಿನ ಟೀಪಾಯಿ, ಕನ್ನಡಿ, ಶೋಕೇಸು, ಒಂದು ಬೆರಳಿನ ಗುರುತೂ ಇರದ ಹಾಗೆ ಒರೆಸಬೇಕು. ಸೋಫಾದ ಸಂದುಗಳಿಗೆ ವ್ಯಾಕ್ಯೂಮ್ ಹಾಕಬೇಕು. ಹಾಸಿಗೆಗಳ ಪ್ಲಾಸ್ಟಿಕ್ ಹೊದಿಕೆಯ ಮೇಲಿನ ಧೂಳು ತೆಗೆಯಬೇಕು. ಗಿರಾಕಿಗಳು ಬಿಡಿಸಿ ನೋಡಿ ಹೋದ ಬೆಡ್‌ಶೀಟುಗಳನ್ನು ಮತ್ತೆ ಅದೇ ಮಡಿಕೆಗೆ ಮಡಚಬೇಕು, ಇಲ್ಲಾಂದ್ರೆ ಪ್ಯಾಕೆಟಿನೊಳಗೆ ಹೋಗುವುದಿಲ್ಲ. ಹೊಸ ಲೋಡ್ ಬಂದ ದಿನ ರಟ್ಟು, ಥರ್ಮೋಕೋಲ್, ಪ್ಲಾಸ್ಟಿಕ್ ಬೆಟ್ಟದಷ್ಟು. ಥರ್ಮೋಕೋಲಿನ ಪುಡಿ ಹಿಡಿಸೂಡಿಗೆ ಸಿಗುವುದೇ ಇಲ್ಲ, ಬಟ್ಟೆಗೆ ಅಂಟುತ್ತದೆ. ಮೂರು ಮಾಳಿಗೆಯ ನೆಲ, ಮೆಟ್ಟಿಲು, ಎರಡು ಟಾಯ್ಲೆಟ್. ನಮ್ಮ ಕರಾವಳಿಯ ಮಳೆಗಾಲದಲ್ಲಿ ಕೊಡೆ ಮಡಚಿ ಒಳಗೆ ಬರುವ ಪ್ರತಿ ಗಿರಾಕಿಯ ಹಿಂದೆಯೂ ಮಾಪ್ ಹಿಡಿದು ಓಡಬೇಕು, ಟೈಲ್ಸಿನಲ್ಲಿ ಜಾರಿದರೆ ಮಾತು ಕೇಳುವವರು ಇವರೇ. ನಡುವೆ ಗಿರಾಕಿಗೆ ಚಾ ಕೊಡುವುದು ಯಾವ ಲೆಕ್ಕಕ್ಕೂ ಇಲ್ಲ.

ಈಗ ಗಂಟೆಯ ವಿಷಯಕ್ಕೆ ಬರೋಣ. ನಾಲ್ಕು ಗಂಟೆಯ ಕೆಲಸ ಅಂತ ಹೇಳಿ ಕರೆಯುತ್ತಾರೆ. ಆದರೆ ಆ ನಾಲ್ಕು ಗಂಟೆ ಒಟ್ಟಿಗೆ ಇರುವುದಿಲ್ಲ, ಬೆಳಿಗ್ಗೆ ಎರಡು, ಸಂಜೆ ಎರಡು. ನಡುವೆ ಮನೆಗೆ ಹೋಗಿ ಬರಬೇಕು. ಮನೆಯಲ್ಲಿ ಅಡುಗೆ, ಮಕ್ಕಳು, ವಯಸ್ಸಾದ ಅತ್ತೆ. ಕೆಲಸ ಅರ್ಧ ದಿನದ್ದು, ದಿನ ಮಾತ್ರ ಪೂರ್ತಿ ಹೋಗುತ್ತದೆ. 2023ರ ಜೂನ್ 11ರಿಂದ ಸರಕಾರಿ ಬಸ್ಸಿನಲ್ಲಿ ಮಹಿಳೆಯರಿಗೆ ಶಕ್ತಿ ಯೋಜನೆಯ ಉಚಿತ ಪ್ರಯಾಣ ಉಂಟು. ನಮ್ಮ ಜಿಲ್ಲೆಯಲ್ಲಿ ಸಿಟಿ ಬಸ್ಸು, ಸರ್ವಿಸ್ ಬಸ್ಸು ಹೆಚ್ಚಿನವು ಖಾಸಗಿ. ಬೆಂಗಳೂರಿನ ಹೆಣ್ಣುಮಗಳಿಗೆ ಉಳಿಯುವ ಬಸ್ಸಿನ ಹಣ ಇಲ್ಲಿನವರಿಗೆ ಉಳಿಯುವುದಿಲ್ಲ.

ನಮ್ಮಲ್ಲಿ ಮಗುವನ್ನು ಮದ್ರಸಕ್ಕೆ ಬಿಡಲು ಬರುವ ತಾಯಿಯೊಬ್ಬರು ತಮ್ಮ ಲೆಕ್ಕ ಹೇಳಿದರು. ತಿಂಗಳಿಗೆ 5,000 ರೂಪಾಯಿ, ಕೈಗೆ. ನಾಲ್ಕು ಗಂಟೆ ಎಂದು ಮಾತಾದದ್ದು, ಈಗ ಆರು ಗಂಟೆ ಆಗುತ್ತಿದೆ. ಬಸ್ಸಿಗೆ ಒಂದು ಸಲಕ್ಕೆ 15, ದಿನಕ್ಕೆ ನಾಲ್ಕು ಸಲ, 60 ರೂಪಾಯಿ. 26 ದಿನಕ್ಕೆ 1,560. ಉಳಿದದ್ದು 3,440. ಆರು ಗಂಟೆಯಂತೆ 26 ದಿನ ಎಂದರೆ 156 ಗಂಟೆ. ಭಾಗಿಸಿ ನೋಡಿ, ಗಂಟೆಗೆ 22 ರೂಪಾಯಿ. ಎಲ್ಲ ಅಂಗಡಿಯಲ್ಲೂ ಹೀಗೆಯೇ ಎಂದು ನಾವು ಹೇಳುತ್ತಿಲ್ಲ. ತಿಂಗಳ ಒಂದನೇ ತಾರೀಕಿಗೆ ಬ್ಯಾಂಕಿಗೆ ಹಾಕುವವರು, ರಾತ್ರಿ ತಡವಾದರೆ ಆಟೊ ಮಾಡಿ ಕಳಿಸುವವರು ನಮ್ಮಲ್ಲೇ ಇದ್ದಾರೆ, ಅಲ್ಲಾಹನು ಅವರ ವ್ಯಾಪಾರದಲ್ಲಿ ಬರ್ಕತ್ ಕೊಡಲಿ. ಆದರೆ ಆ ತಾಯಿಗೆ ಗಂಟೆ ಹೆಚ್ಚಾದದ್ದು ಹೇಗೆ ಎಂದು ಕೇಳಿದಾಗ ಬಂದ ಉತ್ತರ ಇದು: "ಅರ್ಧ ಗಂಟೆ ಜಾಸ್ತಿ ನಿಂತ್ರೆ ಏನಾಗ್ತದೆ ಅಂತ ಮೊದಲು ಕೇಳಿದ್ರು ಉಸ್ತಾದರೇ. ಈಗ ಕೇಳುವುದೂ ಇಲ್ಲ."

2025ರ ನವೆಂಬರ್ 21ರಿಂದ ದೇಶದಲ್ಲಿ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅವುಗಳ ಬಗ್ಗೆ ಕಾರ್ಮಿಕ ಸಂಘಟನೆಗಳಿಗೆ ಬೇಕಾದಷ್ಟು ತಕರಾರು ಉಂಟು, ದೊಡ್ಡ ಕಾರ್ಖಾನೆಗಳ ವಿಷಯದಲ್ಲಿ ಆ ತಕರಾರಿಗೆ ಕಾರಣವೂ ಉಂಟು. ನಮಗೆ ಇಲ್ಲಿ ಬೇಕಾದದ್ದು ಗುಡಿಸುವ ತಾಯಿಗೆ ಅದರಲ್ಲಿ ಏನಿದೆ ಎಂಬುದು. ಹತ್ತು ಮತ್ತು ಅದಕ್ಕಿಂತ ಹೆಚ್ಚು ಜನ ದುಡಿಯುವ ಅಂಗಡಿಯಲ್ಲಿ ಪ್ರತಿಯೊಬ್ಬರಿಗೂ ನೇಮಕಾತಿ ಪತ್ರ ಕೊಡಬೇಕು. ಗುಡಿಸುವವರಿಗೆ ಬೇಡ ಎಂದು ಅದರಲ್ಲಿ ಬರೆದಿಲ್ಲ. ನಿಂತು ಮಾಡುವ ಕೆಲಸದವರಿಗೆ ಕೂರಲು ಜಾಗ ಇರಬೇಕು. ಸಂಜೆ ಏಳರ ನಂತರ ಹೆಂಗಸರನ್ನು ದುಡಿಸುವುದಾದರೆ ಅವರ ಒಪ್ಪಿಗೆ ಬೇಕು, ಸುರಕ್ಷೆಯ ಏರ್ಪಾಡು ಬೇಕು. ಅಂಗಡಿ ಎಷ್ಟೇ ಸಣ್ಣದಿರಲಿ, ಕನಿಷ್ಠ ಕೂಲಿ ಮತ್ತು ಹೊತ್ತಿಗೆ ಸರಿಯಾದ ಸಂಬಳ ಎಲ್ಲರಿಗೂ ಅನ್ವಯ. ತಿಂಗಳ ಸಂಬಳ ಮುಂದಿನ ತಿಂಗಳ ಏಳರೊಳಗೆ ಬರಬೇಕು. ಗಂಡಸು ಹೆಂಗಸು ಎಂದು ಒಂದೇ ಕೆಲಸಕ್ಕೆ ಬೇರೆ ಬೇರೆ ಕೂಲಿ ಇಲ್ಲ. ದಿನಗೂಲಿಗೆ ಕರೆದು 'ಮಳೆ, ಗಿರಾಕಿ ಇಲ್ಲ' ಎಂದು ಮಧ್ಯಾಹ್ನವೇ ಕಳಿಸಿದರೆ ಪೂರ್ತಿ ದಿನದ ಕೂಲಿ ಕೊಡಬೇಕಾಗುತ್ತದೆ. ಇದು 1948ರ ಕನಿಷ್ಠ ವೇತನ ಕಾಯ್ದೆಯಲ್ಲೂ ಇತ್ತು, ಓದಿದವರು ಕಡಿಮೆ.

ಕೆಲವರು ನಡುವೆ ಒಂದು ಏಜೆನ್ಸಿ ಇಡುತ್ತಾರೆ. ಸಂಬಳ ಕೇಳಿದರೆ ಅಂಗಡಿಯವರು ಏಜೆನ್ಸಿ ಕಡೆ ಕೈ ತೋರಿಸುತ್ತಾರೆ, ಏಜೆನ್ಸಿಯವನು 'ಅಂಗಡಿಯಿಂದ ಬಿಲ್ಲು ಪಾಸಾಗಲಿಲ್ಲ' ಅನ್ನುತ್ತಾನೆ. ಏಜೆನ್ಸಿ ಕೊಡದಿದ್ದರೆ ಆ ಕೂಲಿಯ ಹೊಣೆ ಅಂಗಡಿಯ ಮಾಲಕನದ್ದೇ ಎಂದು ವೇತನ ಸಂಹಿತೆ ಹೇಳುತ್ತದೆ.

ಕನಿಷ್ಠ ಕೂಲಿ ಎಷ್ಟು ಎಂಬುದು ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಸಿಗುತ್ತದೆ, ಅದು ಕಾಲಕಾಲಕ್ಕೆ ಬದಲಾಗುತ್ತದೆ, ಊರಿನ ವಲಯಕ್ಕೆ ತಕ್ಕ ಹಾಗೂ ಬದಲಾಗುತ್ತದೆ. ಲೆಕ್ಕ ಮಾಡುವ ಕ್ರಮ ಮಾತ್ರ ಯಾರಿಗೂ ಕಷ್ಟ ಇಲ್ಲ. ಪೂರ್ತಿ ಹೊತ್ತಿನ ಕೆಲಸ ದಿನಕ್ಕೆ ಎಂಟು ಗಂಟೆ, 26 ದಿನ, ಒಟ್ಟು 208 ಗಂಟೆ. ಸುಲಭವಾಗಲಿ ಎಂದು ತಿಂಗಳ ಕೂಲಿ 13,000 ಎಂದು ಇಟ್ಟುಕೊಂಡರೆ ಗಂಟೆಗೆ 62 ರೂಪಾಯಿ 50 ಪೈಸೆ ಆಯಿತು. ನಾಲ್ಕು ಗಂಟೆಯವರಿಗೆ ತಿಂಗಳಿಗೆ 6,500. ಆರು ಗಂಟೆಯವರಿಗೆ 9,750. ನಮ್ಮ ಮದ್ರಸದ ಆರನೇ ತರಗತಿಯ ಮಕ್ಕಳು ಮಾಡುವ ಭಾಗಾಕಾರ. ಮಾಲಕರು ದಿನಾ ಇದಕ್ಕಿಂತ ದೊಡ್ಡ ಲೆಕ್ಕ ಮಾಡುತ್ತಾರೆ.

ಇಎಸ್‌ಐ ಬಗ್ಗೆಯೂ ಒಂದು ಮಾತು. ಹತ್ತು ಜನರಿರುವ ಅಂಗಡಿಯಲ್ಲಿ ತಿಂಗಳಿಗೆ 21,000ದ ಒಳಗೆ ಸಂಬಳ ಇರುವವರಿಗೆ ಇದು ಕಡ್ಡಾಯ, ಪಾರ್ಟ್ ಟೈಮಿನವರಿಗೂ. ಮಾಲಕರು ಶೇ. 3.25, ಕೆಲಸದವರು ಶೇ. 0.75 ಕಟ್ಟಬೇಕು. 5,000 ಸಂಬಳಕ್ಕೆ ಇಬ್ಬರದ್ದೂ ಸೇರಿ ಸುಮಾರು 200 ರೂಪಾಯಿ. ಅಂಗಡಿಯಲ್ಲಿ ಒಂದು ಕುಶನ್ ಕವರಿನ ಬೆಲೆ ಅದಕ್ಕಿಂತ ಹೆಚ್ಚಿರಬಹುದು. ಆ ಹಣಕ್ಕೆ ಆಕೆಗೆ, ಗಂಡನಿಗೆ, ಮಕ್ಕಳಿಗೆ ಚಿಕಿತ್ಸೆ ಉಂಟು. ಜಾರಿ ಬಿದ್ದು ಕೈ ಮುರಿದರೆ ಕೆಲಸಕ್ಕೆ ಹೋಗಲಾಗದ ದಿನಗಳ ಸಂಬಳದ ಹೆಚ್ಚಿನ ಪಾಲು ಸಿಗುತ್ತದೆ. ಮಂಗಳೂರಿನ ಶಿವಬಾಗ್‌ನಲ್ಲಿ ಇಎಸ್‌ಐ ಆಸ್ಪತ್ರೆ ಇದೆ. ಚಿಕಿತ್ಸೆಗೆ ಸಹಾಯ ಮಾಡಿ ಎಂದು ಗ್ರೂಪಿನಲ್ಲಿ ಆಡಿಯೋ ಹಾಕಬೇಕಾದ ಸ್ಥಿತಿ ಎಷ್ಟೋ ಮನೆಗಳಿಗೆ ತಪ್ಪುತ್ತಿತ್ತು.

ಇನ್ನು ನಮ್ಮ ಕ್ಷೇತ್ರದ ಮಾತು. ಬೆವರು ಮತ್ತು ಕೂಲಿಯ ಹದೀಸ್ ನಮ್ಮ ಸಣ್ಣ ಮಕ್ಕಳಿಗೂ ಬಾಯಿಪಾಠ. ಎಲ್ಲರೂ ಅಲ್ಲಿಗೇ ನಿಲ್ಲಿಸುತ್ತಾರೆ. ಕೂಲಿ ಯಾವಾಗ ಕೊಡಬೇಕು ಎಂಬುದಕ್ಕಿಂತ ಮೊದಲು ಕೂಲಿ ಎಷ್ಟು, ಕೆಲಸ ಎಷ್ಟು ಎಂಬ ಪ್ರಶ್ನೆ ಬರುತ್ತದೆ. ಫಿಕ್ಹಿನಲ್ಲಿ ಇದಕ್ಕೆ ಇಜಾರಾ ಎಂಬ ಪ್ರತ್ಯೇಕ ಅಧ್ಯಾಯವೇ ಉಂಟು. ಪೊನ್ನಾನಿಯ ಝೈನುದ್ದೀನ್ ಮಖ್ದೂಮರು ಬರೆದ ಫತ್‌ಹುಲ್ ಮುಈನ್ ಕೇರಳದಲ್ಲೂ ನಮ್ಮ ಕರಾವಳಿಯಲ್ಲೂ ದರ್ಸ್‌ಗಳಲ್ಲಿ ಓದುವ ಕಿತಾಬು, ಅದರಲ್ಲೂ ಈ ಅಧ್ಯಾಯ ಇದೆ. ಶಾಫಿಈ ಮದ್ಹಬಿನಲ್ಲಿ ಕೂಲಿಯ ಕರಾರು ಸಿಂಧುವಾಗಬೇಕಾದರೆ ಕೆಲಸ ಅಥವಾ ಅದರ ಅವಧಿ ಗೊತ್ತಿರಬೇಕು, ಪ್ರತಿಫಲ ಗೊತ್ತಿರಬೇಕು. 'ಬಂದು ಕೆಲಸ ಮಾಡಿ, ಮತ್ತೆ ನೋಡಿ ಕೊಡುತ್ತೇವೆ' ಎಂಬುದು ಕರಾರೇ ಅಲ್ಲ. ಹಾಗೆ ಕೆಡುಕಾದ ಕರಾರಿನಲ್ಲಿ ಕೆಲಸ ಮಾಡಿಸಿಕೊಂಡರೆ ಮಾಲಕರಿಗೆ ತೋಚಿದಷ್ಟು ಕೊಟ್ಟು ಮುಗಿಸಲು ಬರುವುದಿಲ್ಲ. ಅಂಥ ಕೆಲಸಕ್ಕೆ ಊರಿನಲ್ಲಿ ನ್ಯಾಯವಾಗಿ ಸಲ್ಲುವ ಕೂಲಿ, ಅಂದರೆ ಉಜ್ರತುಲ್ ಮಿಸ್ಲ್, ಬಾಕಿ ಬೀಳುತ್ತದೆ. ನಿಕಾಹ್‌ನಲ್ಲಿ ಮಹ್ರ್ ಎಷ್ಟು ಎಂದು ಹತ್ತು ಜನರ ಎದುರು ಗಟ್ಟಿಯಾಗಿ ಹೇಳಿಸುವ ನಾವು ಕೂಲಿಯ ಕರಾರನ್ನು ಯಾಕೆ ಪಿಸುಮಾತಿನಲ್ಲಿ ಮುಗಿಸುತ್ತೇವೆ?

ಮೂಸಾ(ಅ.) ಅವರು ಮದ್‌ಯನ್‌ನಲ್ಲಿ ಕೆಲಸಕ್ಕೆ ನಿಂತ ಕಥೆ ಮಕ್ಕಳಿಗೆ ನಾವು ಹೇಳುತ್ತೇವೆ. ಎಂಟು ವರ್ಷ ಎಂದು ಮೊದಲೇ ಮಾತಾಯಿತು. ಹತ್ತು ಮಾಡಿದರೆ ಅದು ಅವರ ಇಷ್ಟ, ಒತ್ತಾಯ ಇಲ್ಲ ಎಂಬುದೂ ಮೊದಲೇ ಮಾತಾಯಿತು. ಹೆಚ್ಚಿನ ಆ ಎರಡು ವರ್ಷ ದುಡಿಯುವವರ ಕೈಯಲ್ಲಿತ್ತು. ಅಂಗಡಿಯ ಹೆಚ್ಚಿನ ಎರಡು ಗಂಟೆ ಯಾರ ಕೈಯಲ್ಲಿದೆ ನೋಡಿ.

ರಂಝಾನ್ ಕಿಟ್ ಬಗ್ಗೆ ಹೇಳಿದರೆ ಕೆಲವರಿಗೆ ಬೇಸರ ಆಗಬಹುದು, ಆದರೂ ಹೇಳಬೇಕು. ಹತ್ತು ಕೆ.ಜಿ. ಅಕ್ಕಿ, ಸಕ್ಕರೆ, ಎಣ್ಣೆ, ಖರ್ಜೂರ ಇರುವ ಚೀಲವನ್ನು ಅಂಗಡಿಯ ಹೆಣ್ಣುಮಕ್ಕಳಿಗೂ ಕೊಡುತ್ತಾರೆ. ಒಳ್ಳೆಯದೇ. ಆದರೆ ಸಂಬಳ ಹೆಚ್ಚು ಮಾಡಿ ಎಂದು ಕೇಳಿದಾಗ 'ರಂಝಾನ್‌ಗೆ ಕೊಟ್ಟಿದ್ದೇವಲ್ಲ' ಎಂಬ ಮಾತು ಬಂದರೆ ಆ ಕಿಟ್ ಏನಾಯಿತು? ಸದಕಾ ಆಗಿದ್ದರೆ ಅದನ್ನು ಎತ್ತಿ ಆಡಬಾರದು. ಝಕಾತಿನ ಹಣದ್ದಾಗಿದ್ದರೆ ವಿಷಯ ಇನ್ನೂ ಗಂಭೀರ. ಕೆಲಸದ ಪ್ರತಿಫಲವಾಗಿ ಕೊಟ್ಟದ್ದು ಝಕಾತ್ ಆಗುವುದಿಲ್ಲ. ಕೂಲಿ ಬಾಕಿ ಇಟ್ಟುಕೊಂಡು ಝಕಾತಿನ ಲೆಕ್ಕದಲ್ಲಿ ಅದನ್ನು ತೀರಿಸಿದವರು ಎರಡನ್ನೂ ಕೊಟ್ಟಂತಾಗಲಿಲ್ಲ. ವರ್ಷಕ್ಕೊಮ್ಮೆ ಝಕಾತಿನ ಲೆಕ್ಕ ಕೇಳಲು ಉಸ್ತಾದರ ಹತ್ತಿರ ಬರುವವರು ಗೋಡೌನಿನ ಮಾಲು, ಬ್ಯಾಂಕಿನ ಹಣ, ಬರಬೇಕಾದ ಸಾಲ ಎಲ್ಲ ಹೇಳುತ್ತಾರೆ. ಕೆಲಸದವರಿಗೆ ಕೊಡಬೇಕಾದ ಬಾಕಿ ಎಷ್ಟು ಎಂದು ಉಸ್ತಾದರುಗಳೂ ಒಮ್ಮೆ ಕೇಳಬೇಕು.

ಅಂಗಡಿಯವರ ಕಷ್ಟ ನಮಗೆ ಕಾಣುವುದಿಲ್ಲ ಎಂದಲ್ಲ. ಬಾಡಿಗೆ, ಬ್ಯಾಂಕಿನ ಕಂತು, ಒಳಗೆ ಬಂದು ಸೋಫಾದಲ್ಲಿ ಕೂತು ನೋಡಿ ಮತ್ತೆ ಫೋನಿನಲ್ಲಿ ತರಿಸುವ ಗಿರಾಕಿ. ಬೆಂಗಳೂರಿನ ನಾಗಸಂದ್ರದಲ್ಲಿ 2022ರ ಜೂನ್‌ನಲ್ಲಿ ಐಕಿಯಾ ತೆರೆದ ಮೇಲೆ ಇಲ್ಲಿನ ಗಿರಾಕಿಯೂ ಅಲ್ಲಿನ ಬೆಲೆ ಹೇಳಿ ಚೌಕಾಶಿ ಮಾಡುತ್ತಾರಂತೆ. ಆದರೆ ಈ ಮಾಲಕರಲ್ಲಿ ಹಲವರು ಗಲ್ಫಿನಲ್ಲಿ ಬೇರೆಯವರ ಕೈಕೆಳಗೆ ದುಡಿದು ಬಂದವರು. ಯುಎಇಯಲ್ಲಿ 2009ರಿಂದ ವೇತನ ಸಂರಕ್ಷಣಾ ವ್ಯವಸ್ಥೆ ಬಂತು, ಕಂಪೆನಿ ಸಂಬಳವನ್ನು ಬ್ಯಾಂಕ್ ಮೂಲಕವೇ ಹಾಕಬೇಕಾಯಿತು. ಸೌದಿಯಲ್ಲಿ 2013ರಿಂದ. ಯುಎಇಯ ಕಾರ್ಮಿಕ ಕಾನೂನು 2022ರಿಂದ ಪಾರ್ಟ್ ಟೈಮ್ ಕೆಲಸವನ್ನು ಹೆಸರಿಟ್ಟು ಗುರುತಿಸುತ್ತದೆ, ಅದಕ್ಕೂ ಕರಾರು ಬೇಕು. ಅರಬಿಯ ದೇಶದಲ್ಲಿ ತನ್ನ ಸಂಬಳದ ಮೆಸೇಜು ಒಂದು ದಿನ ತಡವಾದರೆ ಕಂಗಾಲಾಗುತ್ತಿದ್ದವರು ಊರಿಗೆ ಬಂದು ಕವರಿನಲ್ಲಿ ಹಣ ಹಾಕಿ 'ಉಳಿದದ್ದು ಮುಂದಿನ ವಾರ' ಎಂದು ಹೇಳುವುದು ನಮಗೆ ಅರ್ಥ ಆಗುವುದಿಲ್ಲ. ಪಾರ್ಟ್ ಟೈಮಿನವರಿಗೂ ಪೂರ್ತಿ ಕೆಲಸದವರ ಹಕ್ಕು ಗಂಟೆಯ ಪ್ರಮಾಣದಲ್ಲಿ ಸಿಗಬೇಕೆಂದು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1994ರಲ್ಲೇ ಒಂದು ಒಪ್ಪಂದ ಮಾಡಿತ್ತು. ಭಾರತ ಅದಕ್ಕೆ ಸೇರಿಲ್ಲ. ಸೇರದಿದ್ದರೂ ಒಬ್ಬ ಮಾಲಕ ತನ್ನ ಅಂಗಡಿಯಲ್ಲಿ ಅದನ್ನು ಪಾಲಿಸುವುದಕ್ಕೆ ದೆಹಲಿಯ ಅಪ್ಪಣೆ ಬೇಡ.

ತಾಯಂದಿರು ಯಾಕೆ ಕೇಳುವುದಿಲ್ಲ? ಕೆಲಸಕ್ಕೆ ಹೋಗುವುದೇ ಗುಟ್ಟು. ಮಗಳಿಗೆ ಸಂಬಂಧ ಬರುವ ಹೊತ್ತು, ಉಮ್ಮ ಅಂಗಡಿ ಗುಡಿಸುತ್ತಾರೆ ಎಂದು ಗೊತ್ತಾಗಬಾರದು. ಬುರ್ಖಾ ಹಾಕಿ ಬಸ್ಸು ಹತ್ತಿದರೆ ಆಸ್ಪತ್ರೆಗೆ ಎಂದು ಹೇಳಿ ಹೊರಡುವವರು ಇದ್ದಾರೆ. ಗುಟ್ಟಾಗಿ ದುಡಿಯುವವರು ಸಂಬಳಕ್ಕಾಗಿ ಗಟ್ಟಿಯಾಗಿ ಜಗಳ ಮಾಡುವುದು ಹೇಗೆ? ಕಡಿಮೆ ಕೂಲಿಗೆ ಅರ್ಧ ಕಾರಣ ಈ ನಾಚಿಕೆ, ಅದನ್ನು ತಂದಿಟ್ಟವರು ನಾವೇ, ಸಮುದಾಯದವರು. ಹೆಂಗಸರು ಹೊರಗೆ ಹೋಗುವುದೇ ಸರಿಯಲ್ಲ ಎನ್ನುವ ಗಂಡಸರು ಒಂದು ವಿಷಯ ನೆನಪಿಟ್ಟರೆ ಒಳ್ಳೆಯದು. ಮನೆಯ ಖರ್ಚು ಗಂಡನ ಮೇಲೆ ಕಡ್ಡಾಯ. ಅದನ್ನು ಪೂರೈಸಿದ ಮೇಲೆ ಮಾತಾಡಲಿ. ಹೆಂಡತಿಯ ದುಡಿಮೆ ಹೆಂಡತಿಯದ್ದು, ಆಕೆ ಕೊಟ್ಟರೆ ಅದು ಆಕೆಯ ಔದಾರ್ಯ. ಸಂಬಳ ಗಂಡನ ಕೈಗೆ ಕೊಡಿ ಎಂದು ಅಂಗಡಿಗೆ ಹೋಗಿ ಹೇಳುವವರಿಗೆ ಶರೀಅತ್ತಿನಲ್ಲಿ ಅಂಥ ಹಕ್ಕು ಇಲ್ಲ. ಸಂಬಳ ಆಕೆಯ ಹೆಸರಿನ ಖಾತೆಗೆ ಬೀಳಬೇಕು, ಗೃಹಲಕ್ಷ್ಮಿಯ 2,000 ಬೀಳುವ ಖಾತೆ ಹೆಚ್ಚಿನವರಿಗೆ ಈಗಾಗಲೇ ಉಂಟು.

ಪಕ್ಕದ ಕೇರಳದಲ್ಲಿ ಹೆಂಗಸರೇ ಬಾಯಿ ತೆರೆದರು. ಕೋಝಿಕ್ಕೋಡಿನ ಮಿಠಾಯಿ ತೆರುವಿನ ಅಂಗಡಿಗಳಲ್ಲಿ ದುಡಿಯುವವರು ಪೆಣ್‌ಕೂಟ್ಟು ಎಂಬ ಸಂಘಟನೆ ಕಟ್ಟಿ, ಟೈಲರ್ ಆಗಿದ್ದ ವಿಜಿ ಅವರ ಮುಂದಾಳುತನದಲ್ಲಿ, ಮೊದಲು ಕೇಳಿದ್ದು ಟಾಯ್ಲೆಟ್. ಆಮೇಲೆ ಕೂರುವ ಹಕ್ಕು. 2018ರಲ್ಲಿ ಕೇರಳ ಅಂಗಡಿ ಕಾಯ್ದೆಗೆ ತಿದ್ದುಪಡಿ ತಂದು ಕೂರಲು ಅವಕಾಶ ಕೊಡಬೇಕೆಂದು ಬರೆಯಿತು, 2021ರಲ್ಲಿ ತಮಿಳುನಾಡು ಕೂಡ. ದಿನವಿಡೀ ನೂರಾರು ಕುರ್ಚಿ ಒರೆಸುವವರಿಗೆ ಕೂರಲು ಒಂದು ಸ್ಟೂಲ್ ಇಲ್ಲದ ಅಂಗಡಿಗಳು ನಮ್ಮಲ್ಲಿ ಇವೆ. ಸ್ಟೂಲಿನ ಜೊತೆ ವುಝೂ ಮಾಡಿ ಲುಹರ್, ಅಸರ್ ನಮಾಝ್ ಮಾಡಲು ಚಾಪೆಯಷ್ಟು ಜಾಗ ಸಿಕ್ಕಿದರೆ ಅದಕ್ಕೆ ಯಾವ ಖರ್ಚೂ ಇಲ್ಲ.

ಕಾರ್ಮಿಕ ನಿರೀಕ್ಷಕರ ಕಚೇರಿಗೆ ಹೋಗಿ ದೂರು ಕೊಡಬಹುದು, ಕೊಡಬೇಕಾದಲ್ಲಿ ಕೊಡಲೇಬೇಕು. ಅಂಗಡಿಯಲ್ಲಿ ಕೈ ಮುಟ್ಟುವ, ಕೆಟ್ಟ ಮಾತಾಡುವ ಸಂಗತಿ ಇದ್ದರೆ 2013ರ ಕಾನೂನಿನಂತೆ ಹತ್ತಕ್ಕಿಂತ ಕಡಿಮೆ ಜನರಿರುವ ಕಡೆಯವರೂ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು, ಮಾಲಕನ ಮೇಲೆಯೇ ದೂರಿದ್ದರೂ ಅಲ್ಲಿಗೇ. ಆದರೆ ಅಲ್ಲಿಯವರೆಗೆ ಹೋಗುವ ಮೊದಲು ಮೊಹಲ್ಲಾದಲ್ಲಿ ಆಗಬಹುದಾದ ಕೆಲಸ ಉಂಟು. ಜಮಾಅತ್ ಕಚೇರಿಯಲ್ಲಿ ನಿಕಾಹ್‌ಗೆ ರಿಜಿಸ್ಟರ್ ಇದೆ, ವಂತಿಗೆಗೆ ರಿಜಿಸ್ಟರ್ ಇದೆ. ಕೆಲಸಕ್ಕೆ ಹೋಗುವ ತಾಯಂದಿರು ಬಯಸಿದರೆ ಅವರ ಕರಾರಿನ ಒಂದು ಪ್ರತಿ ಇಡಲು ಇನ್ನೊಂದು ಫೈಲು ಸಾಕು, ಅದನ್ನು ನೋಡಿಕೊಳ್ಳಲು ಪಿಯುಸಿ, ಡಿಗ್ರಿ ಮುಗಿಸಿದ ನಮ್ಮ ಹೆಣ್ಣುಮಕ್ಕಳೇ ಇದ್ದಾರೆ. ವಾಟ್ಸ್‌ಆ್ಯಪ್ ಗ್ರೂಪಿನ ಅಡ್ಮಿನ್‌ಗಳು 'ಬಂದು ಮಾತಾಡಿ' ಎಂಬ ಜಾಹೀರಾತನ್ನು ಹಾಗೆಯೇ ಬಿಡದೆ ವಾಪಸ್ ಕಳಿಸಲಿ. ಗ್ರೂಪಿಗೆ ಹಾಕಬೇಕಾದ ಸಾಲು ಹೀಗಿರಬಹುದು:

ಫರ್ನಿಚರ್ ಅಂಗಡಿಗೆ ಶುಚಿ ಕೆಲಸಕ್ಕೆ ಇಬ್ಬರು ಮಹಿಳೆಯರು ಬೇಕು. ಬೆಳಿಗ್ಗೆ 9ರಿಂದ 1, ಒಂದೇ ಪಾಳಿ. ನಾಲ್ಕು ಗಂಟೆ ಮೀರಿದರೆ ಗಂಟೆಯ ಲೆಕ್ಕದಲ್ಲಿ ಹೆಚ್ಚಿನ ಕೂಲಿ. ಸಂಬಳ ಇಷ್ಟು, ತಿಂಗಳ 5ರೊಳಗೆ ಬ್ಯಾಂಕಿಗೆ. ಶುಕ್ರವಾರ ರಜೆ. ಇಎಸ್‌ಐ ಉಂಟು. ನೇಮಕಾತಿ ಪತ್ರ ಮೊದಲ ದಿನವೇ.